ಹತ್ತು ಮಂದಿಗೆ ಒಬ್ಬರು ಕಡಿಮೆ

ಹೋದ ತಿಂಗಳು ಷಿಕಾಗೋ ಹತ್ತಿರದ ವೆಸ್ಟ್‌ಮಂಟಿನಲ್ಲಿ ಗೆಳತಿಯೊಬ್ಬಳ ಮನೆಗೆ ಊಟಕ್ಕೆ ಹೋಗಿದ್ದೆವು. ಎಲ್ಲರೂ ಒಂದೊಂದು ಅಡುಗೆ ಮಾಡಿಕೊಂಡು ಬರಬೇಕು ಎಂದು ಮಾತಾಗಿತ್ತು. ಮುಂಬಾಗಿಲ ಹತ್ತಿರ, ಬಿಟ್ಟ ಚಪ್ಪಲಿಗಳ ನಡುವೆ, ಟರ್ಕಿ ಟವೆಲಿನಲ್ಲಿ ಸುತ್ತಿ ಗಂಟು ಕಟ್ಟಿದ ಒಂದು ದೊಡ್ಡ ಕುಕ್ಕರ್ ಇತ್ತು. ಯಾರೋ ಕಾರಿನಿಂದ ಇಳಿಸಿ ಅಲ್ಲಿಟ್ಟು, ಇನ್ನೊಂದು ಪಾತ್ರೆ ತರಲು ಹೋಗಿದ್ದರು, ಅಷ್ಟೆ. ಟವೆಲಿನ ಸಂದಿಯಿಂದ ಇಂಗಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಹಿಂದಿನಿಂದ ಬಂದವರು, "ಸುಮಾ, ಸ್ವಲ್ಪ ದಾರಿ ಬಿಡಿ, ಟ್ರೇ ಕೈ ಸುಡ್ತಿದೆ" ಎಂದರು. ಪಕ್ಕಕ್ಕೆ ಸರಿದೆ. ಅವರು ನನ್ನ ಮುಖ ನೋಡಿ, "ಹುಷಾರಿಲ್ವಾ?" ಎಂದು ಕೇಳಿದರು. ಹುಷಾರಾಗಿದ್ದೇನೆ ಎಂದೆ. ಊಟದ ಹೊತ್ತಿಗೆ ಆ ಕುಕ್ಕರಿನಿಂದ ಬಡಿಸಿದ್ದನ್ನು ನಾನು ತಿನ್ನಲಿಲ್ಲ.

ಆ ಒಂದು ತಿಂಗಳ ವಿಷಯವನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಹೇಳಲು ಹೊರಟರೆ ಅರ್ಧಕ್ಕೆ ನಗು ಬರುತ್ತದೆ ಕೇಳುವವರಿಗೆ. ಅವರ ತಪ್ಪೇನಿಲ್ಲ, ಅದರಲ್ಲಿ ನಗುವಂಥದ್ದೂ ಇದೆ. ಆದರೆ ನನಗೆ ನೆನಪಿರುವುದು ಹೆದರಿಕೆ. ಅದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಆಗ ನಾವು ಡೆಟ್ರಾಯಿಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿದ್ದೆವು. ನನ್ನ ಗಂಡ ಪ್ರಕಾಶ ಧಾರವಾಡದವರು. ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್, ಆಫೀಸು ಟ್ರಾಯ್‌ನಲ್ಲಿ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಿದ್ದೆ. ಬೆಳಗಿನ ಐದಕ್ಕೆ ಶುರುವಾದರೆ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತಿತ್ತು. ಮಗಳು ನಿಧಿಗೆ ಹತ್ತು ವರ್ಷ. ನಮ್ಮ ಗ್ರೀನ್ ಕಾರ್ಡಿನ ಅರ್ಜಿ ಹಾಕಿ ಬಹಳ ಕಾಲವಾಗಿತ್ತು, ಇನ್ನೂ ಬಂದಿರಲಿಲ್ಲ.

ಪಕ್ಕದ ಮನೆಯಲ್ಲಿ ಎಸ್ತರ್ ಮತ್ತು ಹೆರಾಲ್ಡ್ ಇದ್ದರು. ಇಬ್ಬರಿಗೂ ಎಪ್ಪತ್ತು ದಾಟಿತ್ತು. ಎಸ್ತರ್ ಶಾಲೆಯಲ್ಲಿ ಸಂಗೀತದ ಟೀಚರಾಗಿದ್ದವರು. ನಾವು ಆ ಮನೆಗೆ ಬಂದ ಮೊದಲ ಚಳಿಗಾಲ, ನಾವಿನ್ನೂ ಹಿಮ ಎತ್ತುವ ಸಲಿಕೆ ಕೂಡ ಕೊಂಡಿರದಾಗ, ಹೆರಾಲ್ಡ್ ತಮ್ಮ ಯಂತ್ರ ತಂದು ನಮ್ಮ ಡ್ರೈವ್‌ವೇಯ ಹಿಮವನ್ನೂ ತೆಗೆದು, ವಾಪಸ್ ಹೋಗಿದ್ದರು. ಅವರು ಯಹೂದಿಗಳು. ಅವರ ಮನೆಯ ಬಾಗಿಲ ಚೌಕಟ್ಟಿಗೆ ಬೆರಳುದ್ದದ ಒಂದು ಪೆಟ್ಟಿಗೆ ಹೊಡೆದಿತ್ತು. ಅದರೊಳಗೆ ಅವರ ಶಾಸ್ತ್ರದ ಸಾಲು ಬರೆದ ಸುರುಳಿ ಇರುತ್ತದಂತೆ. ಆ ವರ್ಷ ಬೇಸಿಗೆಯಲ್ಲಿ ಹೆರಾಲ್ಡ್ ಅದನ್ನು ಬಿಚ್ಚಿ, ರಸ್ತೆಗೆ ಕಾಣದ ಹಾಗೆ ಚೌಕಟ್ಟಿನ ಒಳಬದಿಗೆ ಹೊಡೆದರು. ಎಸ್ತರ್ ಮರುದಿನವೇ ಅದನ್ನು ಕಿತ್ತು ಹೊರಗೆ ಹೊಡೆದರು. ಆ ವಿಷಯವಾಗಿ ಅವರಿಬ್ಬರೂ ಒಂದು ವಾರ ಸರಿಯಾಗಿ ಮಾತಾಡಲಿಲ್ಲ ಎಂದು ನಿಧಿ ಬಂದು ಹೇಳಿದಳು. ಶಾಲೆ ಬಿಟ್ಟ ಮೇಲೆ ಅವಳು ಅವರ ಮನೆಯಲ್ಲೇ ಇರುತ್ತಿದ್ದಳು.

ಆ ವರ್ಷ ಅಂಥದ್ದಾಗಿತ್ತು. ದೂರದಲ್ಲಿ ಯುದ್ಧ. ಹತ್ತಿರದಲ್ಲಿ ಗೋಡೆಗಳ ಮೇಲೆ ಬರಹ, ಫೋನಿನಲ್ಲಿ ಬೆದರಿಕೆ. ಪ್ರಾರ್ಥನೆಗೆ ಸೇರಿದವರ ಮೇಲೆ ಎಲ್ಲೋ ದಾಳಿಯಾಯಿತು ಎಂಬ ಸುದ್ದಿ ಒಂದು ಹಳೆಯದಾಗುವ ಮೊದಲೇ ಇನ್ನೊಂದು ಬರುತ್ತಿತ್ತು.

ನವೆಂಬರ್ ಮೊದಲಲ್ಲಿ ಹೆರಾಲ್ಡ್ ತೀರಿಕೊಂಡರು. ಹೃದಯ ನಿಂತುಹೋಯಿತು. ಮಣ್ಣು ಮಾಡಿದ ಮೇಲೆ ಏಳು ದಿನ ಎಸ್ತರ್ ಮನೆಬಿಟ್ಟು ಹೊರಗೆ ಬರಲಿಲ್ಲ. ಅವರ ಒಲೆ ಹತ್ತಲಿಲ್ಲ. ನೆಂಟರು, ಗೆಳೆಯರು ಅಡುಗೆ ತಂದುಕೊಡುತ್ತಿದ್ದರು. ನಮ್ಮ ಕಡೆಯ ಹಾಗೇ ಇದೆಯಲ್ಲ ಎಂದುಕೊಂಡೆ. ಪ್ರತಿ ಸಂಜೆ ಜನ ಅವರ ಮನೆಗೇ ಬಂದು ಪ್ರಾರ್ಥನೆ ಮಾಡುತ್ತಿದ್ದರು. ನಾನು ಹಣ್ಣು ತೆಗೆದುಕೊಂಡು ಹೋಗಿ ಒಂದು ಮೂಲೆಯಲ್ಲಿ ಕೂರುತ್ತಿದ್ದೆ.

ಏಳನೆಯ ದಿನ ಎಸ್ತರ್ ನನಗೆ ವಿವರಿಸಿದರು. ಸತ್ತವರಿಗಾಗಿ ಹೇಳುವ ಪ್ರಾರ್ಥನೆಗೆ ಕದ್ದಿಶ್ ಎನ್ನುತ್ತಾರೆ. ತಂದೆತಾಯಿಗಾದರೆ ಹನ್ನೊಂದು ತಿಂಗಳು, ಗಂಡನಿಗಾಗಿ ಹೆಂಡತಿ ಮೂವತ್ತು ದಿನ ಹೇಳಬೇಕು. ಒಬ್ಬರೇ ಹೇಳುವಂತಿಲ್ಲ. ಹತ್ತು ಮಂದಿ ಯಹೂದಿಗಳು ಸೇರಿರಬೇಕು, ಅವರು ನಡುನಡುವೆ ಆಮೆನ್ ಎಂದು ಓಗೊಡಬೇಕು. ಹತ್ತಕ್ಕೆ ಒಬ್ಬರು ಕಡಿಮೆಯಾದರೂ ಹೇಳುವ ಹಾಗಿಲ್ಲ. ಅವರ ಮಂದಿರದಲ್ಲಿ ಹೆಂಗಸರನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಇನ್ನುಳಿದ ಇಪ್ಪತ್ತಮೂರು ದಿನ ತಾನು ಸಂಜೆ ಸಂಜೆ ಅಲ್ಲಿಗೆ ಹೋಗುವುದಾಗಿ ಹೇಳಿದರು.

"ಆ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಇಲ್ಲ, ಗೊತ್ತಾ?" ಎಂದರು. "ಬರೀ ದೇವರ ಹೊಗಳಿಕೆ. ಹೆರಾಲ್ಡ್‌ಗೆ ಅದು ಆಗ್ತಾನೇ ಇರಲಿಲ್ಲ. ಕಷ್ಟದಲ್ಲಿರೋವಾಗ ಹೊಗಳು ಅಂತ ಹೇಳೋದು ಯಾವ ನ್ಯಾಯ ಅಂತಿದ್ದ. ಆದರೂ ಅವರಪ್ಪನಿಗೆ ಹನ್ನೊಂದು ತಿಂಗಳು ಒಂದು ದಿನ ತಪ್ಪಿಸದೆ ಹೇಳಿದ."

"ನಿಮಗೆ ಅದರಲ್ಲಿ ನಂಬಿಕೆ ಇದೆಯಾ?" ಎಂದು ಕೇಳಿದೆ. ಆ ಹೊತ್ತಿನಲ್ಲಿ ಕೇಳಬಾರದಿತ್ತು.

"ಮೇಲೆ ಯಾರಾದ್ರೂ ಕೇಳಿಸ್ಕೊಳ್ತಾರಾ ಅಂತ ನನಗೆ ಗೊತ್ತಿಲ್ಲ ಸುಮಾ. ಹತ್ತು ಜನ ಬಂದಿದಾರಾ ಇಲ್ವಾ ಅನ್ನೋದು ಮಾತ್ರ ಗೊತ್ತಾಗತ್ತೆ. ನಾನು ಅಷ್ಟನ್ನೇ ಹಿಡ್ಕೊಂಡಿದೀನಿ."

ಮಂದಿರ ನಮ್ಮ ಮನೆಯಿಂದ ಮೂರು ಮೈಲಿ. ಚಿಕ್ಕದು, ಕೆಂಪು ಇಟ್ಟಿಗೆಯ ಹಳೆಯ ಕಟ್ಟಡ. ವಾರದ ದಿನಗಳಲ್ಲಿ ಸಂಜೆ ಐದಕ್ಕೆ ಒಂದು ಪ್ರಾರ್ಥನೆ ಮಾತ್ರ. ಬರುವವರು ಹನ್ನೆರಡು, ಹದಿಮೂರು ಜನ, ಹೆಚ್ಚಿನವರು ವಯಸ್ಸಾದವರು. ಎಸ್ತರ್ ನಾಲ್ಕೂಮುಕ್ಕಾಲಿಗೆ ಹೊರಟು ಐದೂ ನಲವತ್ತಕ್ಕೆ ವಾಪಸಾಗುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ಅವರ ಕಾರಿನ ದೀಪ ನನಗೆ ಕಾಣುತ್ತಿತ್ತು. ಆಮೇಲೆ ಅವರ ಅಡುಗೆಮನೆಯ ದೀಪ ಹತ್ತುತ್ತಿರಲಿಲ್ಲ. ಇವರು ಉಣ್ಣುತ್ತಿಲ್ಲ ಎಂದುಕೊಂಡೆ. ಪಾಪ, ಇವರಿಗೋಸ್ಕರ ಚಳಿಯಲ್ಲಿ ದಿನಾ ಬಂದು ನಿಲ್ಲುವ ಆ ಮುದುಕರಿಗೂ ಯಾರೂ ಒಂದು ತುತ್ತು ಕೊಡುತ್ತಿಲ್ಲ ಎಂದುಕೊಂಡೆ. ನಮ್ಮಲ್ಲಾಗಿದ್ದರೆ ಸತ್ತವರ ಹೆಸರಿನಲ್ಲಿ ಬಂದವರನ್ನು ಹಸಿದು ಕಳಿಸುತ್ತೇವೆಯೇ?

ಹನ್ನೊಂದನೆಯ ದಿನ, ಗುರುವಾರ, ನಾನು ಎಂಟು ಲೀಟರಿನ ಕುಕ್ಕರಿನಲ್ಲಿ ಬಿಸಿಬೇಳೆಬಾತ್ ಮಾಡಿದೆ. ತುಪ್ಪ ಧಾರಾಳವಾಗಿ ಹಾಕಿದೆ. ಕಾರಿನಲ್ಲಿ ಚೆಲ್ಲದಿರಲಿ ಎಂದು ಮುಚ್ಚಳ ಬಿಗಿದು, ವೇಯ್ಟ್ ಹಾಕಿ, ಕಂದು ಬಣ್ಣದ ಟವೆಲಿನಲ್ಲಿ ಸುತ್ತಿ, ಮೇಲೆ ನೈಲಾನ್ ಹಗ್ಗದಿಂದ ಎರಡು ಸುತ್ತು ಕಟ್ಟಿದೆ. ನಾಲ್ಕೂ ಹತ್ತಕ್ಕೆ ಮಂದಿರದ ಪಕ್ಕದ ಬಾಗಿಲಿಗೆ ಹೋಗಿ ಬೆಲ್ ಒತ್ತಿದೆ. ಯಾರೂ ಬರಲಿಲ್ಲ. ನಾಲ್ಕೂವರೆಗೆ ನಿಧಿಯ ಈಜು ಕ್ಲಾಸು. ಹೆಪ್ಪುಗಟ್ಟಿಸುವ ಗಾಳಿ. ಮೂಗು ಬಾಯಿ ಮುಚ್ಚುವ ಹಾಗೆ ಶಾಲು ಸುತ್ತಿಕೊಂಡಿದ್ದೆ. ಕುಕ್ಕರನ್ನು ಬಾಗಿಲಿಗೆ ಒತ್ತಿ ಇಟ್ಟು, ಎಸ್ತರ್‌ಗೆ ಒಂದು ಮೆಸೇಜ್ ಹಾಕಿ, ಓಡಿ ಬಂದು ಕಾರು ಹತ್ತಿದೆ. ಇದೆಲ್ಲ ಒಂದು ನಿಮಿಷ ಹತ್ತು ಸೆಕೆಂಡಿನಲ್ಲಿ ಮುಗಿದಿತ್ತು. ನಾನು ಎಣಿಸಿದ್ದಲ್ಲ, ಪೊಲೀಸರು ಆಮೇಲೆ ಹೇಳಿದ್ದು.

ಐದೂವರೆಗೆ ಈಜು ಮುಗಿಯಿತು. ಪಾತ್ರೆ ವಾಪಸ್ ತೆಗೆದುಕೊಂಡು ಹೋಗೋಣ ಎಂದು ನಿಧಿಯನ್ನು ಕೂರಿಸಿಕೊಂಡು ಅದೇ ದಾರಿಯಲ್ಲಿ ಬಂದೆ. ಮಂದಿರದ ರಸ್ತೆಯನ್ನು ಮುಚ್ಚಿದ್ದರು. ನೀಲಿ ಕೆಂಪು ದೀಪಗಳು. ನನಗೆ ಮೊದಲು ಹೊಳೆದದ್ದು ದಾಳಿಯಾಗಿದೆ ಎಂದು, ಎಸ್ತರ್ ಒಳಗಿದ್ದಾರೆ ಎಂದು. ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ನಿಧಿಗೆ ಒಳಗೇ ಇರಲು ಹೇಳಿ ಕೆಳಗಿಳಿದೆ. ರಸ್ತೆಯಾಚೆಯ ಪಾರ್ಕಿಂಗ್‌ನಲ್ಲಿ ಏಳೆಂಟು ಜನ ಮುದುಕರು ಕಂಬಳಿ ಹೊದ್ದು ನಿಂತಿದ್ದರು. ಅವರಲ್ಲಿ ಎಸ್ತರ್ ಕಂಡರು. ಸಮಾಧಾನವಾಯಿತು. ಆಗ ಗಾಳಿ ತಿರುಗಿತು. ತುಪ್ಪದ ವಾಸನೆ, ಇಂಗು ಕರಿಬೇವಿನ ವಾಸನೆ. ಮಿಶಿಗನ್‌ನ ಆ ಚಳಿಯಲ್ಲಿ, ಆ ದೀಪಗಳ ನಡುವೆ, ನನ್ನ ಅಡುಗೆಮನೆಯ ವಾಸನೆ. ಪಕ್ಕದ ಬಾಗಿಲ ಇಟ್ಟಿಗೆ ಗೋಡೆಯ ಮೇಲೆ ಹಳದಿ ಅನ್ನ ಆಳೆತ್ತರಕ್ಕೆ ಸಿಡಿದು ಅಂಟಿತ್ತು. ಬಾಂಬ್ ಎಂದು ತಿಳಿದು ಪೊಲೀಸರ ಯಂತ್ರ ದೂರದಿಂದ ನೀರು ಹೊಡೆದು ಕುಕ್ಕರನ್ನು ಒಡೆದಿತ್ತು.

ವಾಪಸ್ ಕಾರು ಹತ್ತಿ ಹೊರಟುಬಿಡಬಹುದು ಎಂದು ಒಂದು ಕ್ಷಣ ಅನ್ನಿಸಿತು. ಹಾಗೆ ಅನ್ನಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಗ್ರೀನ್ ಕಾರ್ಡು ನೆನಪಾಯಿತು, ನಿಧಿ ನೆನಪಾದಳು. ಆಮೇಲೆ ಹತ್ತಿರದ ಪೊಲೀಸನ ಬಳಿ ಹೋದೆ.

"ಮೇಡಂ, ಹಿಂದೆ ಸರೀರಿ."

"ಅದು ನನ್ನದು."

"ಯಾವುದು?"

"ಆ ಪಾತ್ರೆ. ಅದರಲ್ಲಿ ಅನ್ನ ಇತ್ತು. ಅನ್ನ, ಬೇಳೆ."

ಅವನ ದನಿ ಬದಲಾಯಿತು. "ಕೈ ನನಗೆ ಕಾಣೋ ಹಾಗೆ ಇಟ್ಕೊಳ್ಳಿ" ಎಂದ. ಎರಡೂ ಕೈ ಎತ್ತಿದೆ. ಕಾರಿನ ಗಾಜಿನ ಹಿಂದೆ ನಿಧಿ ನನ್ನನ್ನು ನೋಡುತ್ತಿದ್ದಳು.

ಎರಡು ಗಂಟೆ ಕೇಳಿದರು. ಸಭ್ಯವಾಗಿಯೇ ಕೇಳಿದರು. ಕ್ಯಾಮೆರಾದಲ್ಲಿ ದಾಖಲಾದದ್ದನ್ನು ತೋರಿಸಿದರು. ಮುಖ ಮುಚ್ಚಿದ ಒಬ್ಬ ಹೆಂಗಸು ಹಗ್ಗ ಕಟ್ಟಿದ ಗಂಟನ್ನು ಬಾಗಿಲಿಗೆ ಒತ್ತಿ ಇಟ್ಟು, ಅತ್ತಿತ್ತ ನೋಡಿ, ಓಡಿಹೋಗುತ್ತಾಳೆ. ನನಗೇ ಅವಳನ್ನು ಕಂಡು ಭಯವಾಯಿತು. ಎಸ್ತರ್ ತಮ್ಮ ಫೋನು ತೆರೆದು, ಅಲ್ಲಿಯವರೆಗೆ ತಾವೇ ನೋಡಿರದ ನನ್ನ ಮೆಸೇಜ್ ತೋರಿಸಿದರು. ಅಧಿಕಾರಿ ಅದನ್ನು ಗಟ್ಟಿಯಾಗಿ ಎರಡು ಸಲ ಓದಿದ. ‘ಪಕ್ಕದ ಬಾಗಿಲ ಹತ್ತಿರ ನಿಮಗೆಲ್ಲ ಒಂದು ವಸ್ತು ಇಟ್ಟಿದೀನಿ. ಬಿಸಿ ಇದೆ, ಹುಷಾರು.’ ಓದಿ ಮುಗಿಸಿ ನನ್ನ ಕಡೆ ನೋಡಿದ. ಅವನ ತುಟಿ ಸ್ವಲ್ಪ ಅಲುಗಿತು. ನನಗೆ ನಗು ಬರಲಿಲ್ಲ.

ನನ್ನನ್ನು ಬಿಟ್ಟರು. ಮನೆಗೆ ಬರುವಾಗ ನಿಧಿ ಒಂದೇ ಮಾತು ಕೇಳಿದಳು: "ಅಮ್ಮಾ, ಆರ್ ವಿ ಇನ್ ಟ್ರಬಲ್?"

"ಇಲ್ಲ ಪುಟ್ಟ" ಎಂದೆ.

ಆ ಸಂಜೆ ಕದ್ದಿಶ್ ಆಗಲಿಲ್ಲ. ಪಾರ್ಕಿಂಗ್‌ನಲ್ಲೇ ಸೇರಿ ಎಣಿಸಿ ನೋಡಿದರಂತೆ, ಹೆದರಿದವರು ಆಗಲೇ ಹೊರಟುಹೋಗಿದ್ದರು. ಏಳೇ ಜನ ಉಳಿದಿದ್ದರು.

ಮರುದಿನ ಎಸ್ತರ್ ಮನೆಯ ಬಾಗಿಲು ತಟ್ಟಿದೆ. ಅವರು ಬಾಗಿಲನ್ನು ಅರ್ಧ ತೆರೆದರು. "ನೀನು ಬೇಕು ಅಂತ ಮಾಡಿಲ್ಲ, ಗೊತ್ತು. ಆದರೆ ನನಗೆ ಕೋಪ ಬಂದಿದೆ. ಯಾರ ಮೇಲೆ ಅಂತ ನನಗೇ ಸರಿಯಾಗಿ ಗೊತ್ತಿಲ್ಲ. ಎರಡು ದಿನ ಬಿಟ್ಟು ಬಾ" ಎಂದರು. ಬಾಗಿಲು ಮುಚ್ಚಿತು.

ನಾನು ಕಿಟಕಿಯಿಂದ ನೋಡುತ್ತಿದ್ದೆ. ಶುಕ್ರವಾರ, ಶನಿವಾರ ವಾರದ ದೊಡ್ಡ ಪ್ರಾರ್ಥನೆ, ಕಾವಲಿಗೆ ಸಂಬಳದ ಗಾರ್ಡ್ ಇರುತ್ತಾನೆ, ಜನ ಬರುತ್ತಾರೆ. ಭಾನುವಾರದಿಂದ ಅವರ ಕಾರು ಐದೂ ಇಪ್ಪತ್ತಕ್ಕೇ ವಾಪಸಾಗತೊಡಗಿತು. ಇಪ್ಪತ್ತು ನಿಮಿಷ ಮುಂಚೆ ಬಂದರೆ ಹತ್ತು ಜನ ಆಗಿಲ್ಲ ಎಂದು ಅರ್ಥ. ಭಾನುವಾರ ಹಾಗಾಯಿತು. ಸೋಮವಾರ ಹಾಗಾಯಿತು. ಮಂಗಳವಾರವೂ ಆಯಿತು. ಲ್ಯಾಬಿನಲ್ಲಿ ನೂರು ಬಿಳಿ ಕಣ ಎಣಿಸುವಾಗ ನಡುವೆ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದೆ. ಹಿಂದೆಂದೂ ನನಗೆ ಹಾಗಾಗಿರಲಿಲ್ಲ.

ಬುಧವಾರ ಎಸ್ತರ್ ಅವರೇ ನಮ್ಮ ಮನೆಗೆ ಬಂದರು. ಜೊತೆಗೆ ಸ್ಟಾನ್ಲಿ ಎಂಬವರಿದ್ದರು. ಅಂಚೆ ಹಂಚುವ ಕೆಲಸದಿಂದ ನಿವೃತ್ತರಾದವರು, ವಾರದ ದಿನಗಳಲ್ಲಿ ಮಂದಿರದ ಬಾಗಿಲು ಕಾಯುವವರು. ಅವತ್ತು ಕುಕ್ಕರನ್ನು ಕಂಡು ಪೊಲೀಸರಿಗೆ ಫೋನ್ ಮಾಡಿದವರು ಅವರೇ.

"ಬಾಂಬ್ ಆಗಿದ್ರೆ ಪೊಲೀಸರು ನೋಡ್ಕೊಳ್ತಿದ್ರು" ಎಂದರು ಸ್ಟಾನ್ಲಿ, ಕೋಟು ಬಿಚ್ಚುತ್ತಾ. "ಹೊರಗಿನ ಅಡುಗೆಮನೆಯಲ್ಲಿ ಬೇಯಿಸಿದ್ದು ನಮ್ಮ ಮಂದಿರದೊಳಗೆ ಬಂದಿದ್ರೆ ನಮ್ಮ ಹೆಂಗಸರಿಂದ ನನ್ನನ್ನ ಯಾರು ಕಾಪಾಡ್ತಿದ್ರು?"

ಹೊರಗೆ ಮಾಡಿದ ಅಡುಗೆಯನ್ನು ಅಲ್ಲಿ ಒಳಗೆ ಬಿಡುವುದೇ ಇಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ. ಆ ದಿನ ಯಾರಾದರೂ ಬಾಗಿಲು ತೆರೆದಿದ್ದರೂ ಕುಕ್ಕರ್ ಹಾಗೇ ವಾಪಸಾಗುತ್ತಿತ್ತು. ನನ್ನ ಮಡಿ ಅಜ್ಜಿಯ ಅಡುಗೆಮನೆಯ ಹೊಸ್ತಿಲು ದಾಟಲು ಹೆದರುತ್ತಿದ್ದ ನನಗೆ ಇದು ಹೊಳೆಯಬೇಕಿತ್ತು.

"ಅದು ಅನ್ನ ಅಂತ ಎಲ್ಲರಿಗೂ ಗೊತ್ತಾಯ್ತಲ್ಲ. ಆದರೂ ಯಾಕೆ ಬರ್ತಿಲ್ಲ?" ಎಂದು ಕೇಳಿದೆ.

ಸ್ಟಾನ್ಲಿ ನಗುವುದನ್ನು ಬಿಟ್ಟರು. "ಅನ್ನ ಅಂತ ಗೊತ್ತಾಯ್ತು. ಅದರ ಜೊತೆಗೆ ನಾವು ಹೇಗೆ ಓಡ್ತೀವಿ ಅಂತಲೂ ಗೊತ್ತಾಯ್ತು. ನಾನು ಒಬ್ಬ ಮುದುಕಿಯನ್ನ ತಳ್ಳಿ ಮುಂದೆ ಓಡಿದೆ. ಅವಳು ನನ್ನ ಹೆಂಡತಿಯ ಗೆಳತಿ. ಆಮೇಲೆ ಮತ್ತೆ ಆ ಬಾಗಿಲ ಹತ್ರ ಬರೋದು ಸುಲಭ ಅಲ್ಲ."

ಲೆಕ್ಕ ಹೀಗಿತ್ತು. ಈಗ ಬರುವುದಾಗಿ ಒಪ್ಪಿದವರು ಎಸ್ತರ್ ಸೇರಿ ಒಂಬತ್ತು ಜನ. ಹತ್ತನೆಯವರು ಸ್ಟಾನ್ಲಿ. ಆದರೆ ಬಾಗಿಲಲ್ಲಿ ಯಾರೂ ಇಲ್ಲದಿದ್ದರೆ ಆ ಒಂಬತ್ತು ಜನ ಬರುವುದಿಲ್ಲ. ಸ್ಟಾನ್ಲಿ ಬಾಗಿಲಲ್ಲಿ ಕೂತರೆ ಒಳಗೆ ಒಬ್ಬರು ಕಡಿಮೆ. ಹೊರಗೆ ಕೂತವರನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಅದನ್ನು ಕೇಳಿ ನನ್ನ ಬಾಯಿಂದ ಮಾತು ತಾನಾಗಿ ಬಂತು. "ನನ್ನನ್ನ ಹೇಗೂ ಲೆಕ್ಕಕ್ಕೆ ಹಿಡಿಯೋಲ್ಲ. ಬಾಗಿಲಲ್ಲಿ ನಾನು ಕೂರ್ತೀನಿ."

ಇಬ್ಬರೂ ಬೇಡ ಅನ್ನಲಿಲ್ಲ. ಅದನ್ನೇ ಕೇಳಲು ಬಂದಿದ್ದರು ಎಂದು ನನಗೆ ಆಮೇಲೆ ಅನ್ನಿಸಿತು.

ಅವರು ಹೋದ ಮೇಲೆ ಪ್ರಕಾಶ ಮಾತಾಡಿದರು. "ಹುಚ್ಚ ಹಿಡದದ ಏನ ನಿನಗ? ಒಮ್ಮೆ ಪೊಲೀಸರು ಬಿಟ್ಟಾರ, ಅದ ದೊಡ್ಡದು."

"ನನ್ನಿಂದ ತಪ್ಪಿದ್ದು ಅದು. ಆಯಮ್ಮ ನಾಕು ದಿನ ಗಂಡನಿಗೆ ಪ್ರಾರ್ಥನೆ ಹೇಳಿಲ್ಲ."

"ತಪ್ಪು ಆತು, ಸಾರಿ ಅಂದಿ, ಮುಗೀತು. ಬಾಗಿಲದಾಗ ಕುಂದ್ರೂದು ಅಂದ್ರೇನು ತಿಳದೀ? ಯಾವನರೆ ಬಂದೂಕ ಹಿಡಕೊಂಡ ಬಂದ್ರ ಮೊದಲ ಸಿಗೂದು ಬಾಗಿಲದಾಗ ಕುಂತಾಕಿ."

ಅವರು ಹೇಳಿದ್ದು ನಿಜವಾಗಿತ್ತು. "ಶುಕ್ರವಾರ, ಶನಿವಾರ ಬಿಟ್ಟು ಎಂಟು ಸಂಜೆ ಅಷ್ಟೆ" ಎಂದೆ. ಅವರು ಎದ್ದು ಗ್ಯಾರೇಜಿಗೆ ಹೋದರು. ಮರುದಿನ ನಾಲ್ಕಕ್ಕೇ ಆಫೀಸಿನಿಂದ ಬೇಗ ಬಂದು, ನಿಧಿಯನ್ನು ಈಜಿಗೆ ಕರೆದುಕೊಂಡು ಹೋದರು.

ಸ್ಟಾನ್ಲಿ ನನಗೆ ಕೆಲಸ ಕಲಿಸಿದರು. ಎರಡು ಗಾಜಿನ ಬಾಗಿಲುಗಳ ಒಳಗೆ ಒಂದು ಮೇಜು. ಮೇಜಿನ ಮೇಲೆ ನಾಲ್ಕು ಕ್ಯಾಮೆರಾಗಳ ಚಿತ್ರ ತೋರಿಸುವ ಪರದೆ. ಮೇಜಿನ ಕೆಳಗೆ ಎರಡು ಗುಂಡಿ. ಒಂದು ಬಾಗಿಲು ತೆರೆಯಲು, ಇನ್ನೊಂದು ಪೊಲೀಸರನ್ನು ಕರೆಯಲು. "ಮುಖ ನೋಡ್ಬೇಡ, ಮುಖದಲ್ಲಿ ಏನೂ ಗೊತ್ತಾಗಲ್ಲ. ಕೈ ನೋಡು. ಕೈ ಕಾಣದಿದ್ರೆ ಬಾಗಿಲು ತೆಗೀಬೇಡ. ಯಾರು, ಯಾಕೆ ಬಂದಿರಿ, ಇಲ್ಲಿ ಯಾರು ಗೊತ್ತು, ಈ ಮೂರು ಕೇಳು."

ಎಂಟು ಸಂಜೆ ಎಂದು ಸುಲಭವಾಗಿ ಹೇಳಿದ್ದೆ. ಮೊದಲ ದಿನ ಕುರ್ಚಿಯಲ್ಲಿ ಕೂತ ಮೇಲೆ ನನ್ನ ಬೆನ್ನು ಗಾಜಿನ ಕಡೆ ಇರಬಾರದು ಎಂದು ಕುರ್ಚಿಯನ್ನು ಮೂರು ಸಲ ಸರಿಸಿದೆ. ರಸ್ತೆಯಲ್ಲಿ ಹಿಮ ಕರಗಲೆಂದು ಉಪ್ಪು ಚೆಲ್ಲುವ ಲಾರಿ ಹೋದರೆ ಅರ್ಧ ಎದ್ದುಬಿಡುತ್ತಿದ್ದೆ. ಪಾರ್ಕಿಂಗ್‌ನಲ್ಲಿ ಕಾರೊಂದು ದೀಪ ಆರಿಸಿ, ಯಾರೂ ಇಳಿಯದೆ ನಿಂತರೆ, ನನ್ನ ಬೆರಳು ಎರಡನೆಯ ಗುಂಡಿಯ ಮೇಲೆ ಹೋಗುತ್ತಿತ್ತು. ಕಾರಿನೊಳಗೆ ಯಾರೋ ಫೋನಿನಲ್ಲಿ ಮಾತು ಮುಗಿಸುತ್ತಿರುತ್ತಿದ್ದರು, ಅಷ್ಟೆ. ನೀರು ಕುಡಿಯಲು ತಲೆ ಎತ್ತಿದರೆ ಪರದೆ ತಪ್ಪಿಹೋಗುತ್ತದೆ ಎಂದು ಕುಡಿಯುತ್ತಿರಲಿಲ್ಲ.

ಆ ಹತ್ತು ಜನ ದಿನಾ ಇದೇ ಹೆದರಿಕೆಯಿಂದ ಬಂದು ಕೂರುತ್ತಾರೆ ಎಂದು ನನಗೆ ಅರ್ಥವಾದದ್ದು ಆ ಕುರ್ಚಿಯಲ್ಲಿ. ಅವರು ಹೆದರದವರಲ್ಲ. ಒಬ್ಬ ಮುದುಕರು ಪ್ರತಿ ಸಂಜೆ ಒಳಗೆ ಬಂದು, ನನ್ನ ಮುಂದೆ ನಿಂತು, ಕೈ ನಡುಕ ನಿಲ್ಲುವ ತನಕ ಕೈಗವಸು ಬಿಚ್ಚುತ್ತಲೇ ಇರುತ್ತಿದ್ದರು. ಆಮೇಲೆ "ಶುಭ ಸಂಜೆ" ಎಂದು ಒಳಗೆ ಹೋಗುತ್ತಿದ್ದರು.

ಅವರು ಜನರನ್ನು ಒಂದು, ಎರಡು ಎಂದು ಎಣಿಸುವುದಿಲ್ಲ. ಮನುಷ್ಯರನ್ನು ಹಾಗೆ ಎಣಿಸಬಾರದಂತೆ. ಶಾಸ್ತ್ರದ ಹತ್ತು ಪದಗಳ ಒಂದು ಸಾಲಿದೆ. ಒಬ್ಬೊಬ್ಬರನ್ನು ತೋರಿಸಿ ಒಂದೊಂದು ಪದ ಹೇಳುತ್ತಾರೆ. ಸಾಲು ಮುಗಿದರೆ ಹತ್ತು ಜನ ಆದರು ಎಂದು. ಕಡಿಮೆಯಾದರೆ ಸಾಲು ಅರ್ಧಕ್ಕೆ ನಿಲ್ಲುತ್ತದೆ. ನನಗೆ ಹೀಬ್ರೂ ಬಾರದು. ಆದರೆ ಮೂರನೆಯ ಸಂಜೆಯ ಹೊತ್ತಿಗೆ, ಒಳಬಾಗಿಲ ಸಂದಿಯಿಂದ ಕೇಳುವ ಆ ಸಾಲಿನ ಕೊನೆಯ ಪದ ಯಾವುದೆಂದು ನನಗೆ ಬಾಯಿಪಾಠವಾಗಿತ್ತು.

ಆರು ಸಂಜೆ ಸಾಲು ಮುಗಿಯಿತು. ಒಂದು ಸಂಜೆ ಮುಗಿಯಲಿಲ್ಲ. ಎಂಟನೆಯದು ಕೊನೆಯದು. ಅವರಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಮೂವತ್ತನೆಯ ದಿನ ಶುರುವಾಗುವ ಸಂಜೆ ಅದು. ಅದಾದ ಮೇಲೆ ಹೆರಾಲ್ಡ್‌ಗಾಗಿ ಎಸ್ತರ್ ನಿಂತು ಹೇಳುವ ಸರದಿ ಇಲ್ಲ.

ಆ ದಿನ ಮಧ್ಯಾಹ್ನದಿಂದ ಹಿಮ ಬೀಳುತ್ತಿತ್ತು. ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ. ಐದರ ಹೊತ್ತಿಗೆ ಒಂಬತ್ತು ಜನ ಬಂದಿದ್ದರು. ಬರಬೇಕಾಗಿದ್ದ ಒಬ್ಬರು ಫೋನ್ ಮಾಡಿದರು. ಹೆದ್ದಾರಿಯಿಂದ ಇಳಿಯುವಾಗ ಕಾರು ಜಾರಿ ಕಂಬಕ್ಕೆ ತಾಗಿದೆ, ಏನೂ ಪೆಟ್ಟಾಗಿಲ್ಲ, ಆದರೆ ಬರಲಾರೆ ಎಂದರು. ಒಳಗೆ ಸಾಲು ಶುರುವಾಯಿತು. ಒಂಬತ್ತನೆಯ ಪದಕ್ಕೆ ನಿಂತಿತು. ಹಿಮ ಹೆಚ್ಚುತ್ತಿದೆ, ಕಾಲು ಗಂಟೆ ಕಾದು ಹೊರಡೋಣ ಎಂದು ಯಾರೋ ಹೇಳಿದ್ದು ಕೇಳಿಸಿತು. ಎಸ್ತರ್ ಹೊರಗೆ ಬಂದು ಗಾಜಿನಾಚೆ ನೋಡಿ, ಒಳಗೆ ಹೋದರು.

ಐದೂ ಹನ್ನೆರಡಕ್ಕೆ ಒಂದು ಕಾರು ಬಂತು. ದೀಪದ ಕಂಬ ಬಿಟ್ಟು ದೂರದ ಮೂಲೆಯಲ್ಲಿ ನಿಂತಿತು. ಒಬ್ಬ ಗಂಡಸು ಇಳಿದ. ನಲವತ್ತರ ಆಸುಪಾಸು. ಕಪ್ಪು ಕೋಟು, ಬೆನ್ನಿಗೆ ಚೀಲ. ಬಲಗೈ ಜೇಬಿನಲ್ಲಿತ್ತು. ಎಡಗೈಯಿಂದ ಬೆಲ್ ಒತ್ತಿದ.

"ಯಾರು?" ಎಂದು ಮೈಕಿನಲ್ಲಿ ಕೇಳಿದೆ. ಹೆಸರು ಹೇಳಿದ. ನಾನು ಕೇಳದ ಹೆಸರು.

"ಇಲ್ಲಿ ಯಾರು ಗೊತ್ತು ನಿಮಗೆ?"

"ಯಾರೂ ಗೊತ್ತಿಲ್ಲ. ಷಿಕಾಗೋದಿಂದ ಕೆನಡಾಕ್ಕೆ ಹೊರಟಿದ್ದೆ. ಹಿಮ ಜಾಸ್ತಿಯಾಯ್ತು ಅಂತ ಇಲ್ಲೇ ಮೋಟೆಲ್‌ನಲ್ಲಿ ಉಳಿದೆ. ನಮ್ಮಮ್ಮನ ವರ್ಷದ ತಿಥಿ ಇವತ್ತು ಸಂಜೆಯಿಂದ. ಕದ್ದಿಶ್ ಹೇಳ್ಬೇಕಿತ್ತು."

ನಾನು ಕೂಗಿದೆ. ಸ್ಟಾನ್ಲಿ ಬಂದು ಪರದೆ ನೋಡಿದರು. ಬಹಳ ಹೊತ್ತು ನೋಡಿದರು. "ನನ್ನನ್ನ ಕೇಳ್ಬೇಡ ಸುಮಾ" ಎಂದರು. "ಅನ್ನದ ಪಾತ್ರೆ ನೋಡಿ ಬಾಂಬ್ ಅಂದವನು ನಾನು. ಆವತ್ತಿಂದ ನನ್ನ ಕಣ್ಣು ಏನು ಹೇಳಿದ್ರೂ ನನಗೆ ನಂಬಿಕೆ ಇಲ್ಲ."

ಎಸ್ತರ್ ಅವರ ಹಿಂದೆ ಬಂದು ನಿಂತಿದ್ದರು. ಅವರು ಪರದೆ ನೋಡಲಿಲ್ಲ, ನನ್ನನ್ನು ನೋಡಿದರು. "ನನಗೋಸ್ಕರ ತೆಗೀಬೇಡ. ಒಂದು ಸಂಜೆ ತಪ್ಪಿದ್ರೆ ಹೆರಾಲ್ಡ್ ಏನೂ ಅಂದ್ಕೊಳ್ಳಲ್ಲ. ಒಳಗೆ ಒಂಬತ್ತು ಜನ ಇದೀವಿ. ನಿನಗೊಬ್ಬಳು ಮಗಳಿದಾಳೆ." ಅವರ ದನಿ ಒಂದೇ ಸಮ ಇತ್ತು. ಕೋಟಿನ ಗುಂಡಿಯನ್ನು ಮಾತ್ರ ಹಾಕುವುದು, ತೆಗೆಯುವುದು, ಹಾಕುವುದು ಮಾಡುತ್ತಿದ್ದರು.

ಮೈಕಿನಲ್ಲಿ ಹೇಳಿದೆ: "ದಯವಿಟ್ಟು ಜೇಬಿನಿಂದ ಕೈ ತೆಗೀರಿ. ಚೀಲ ಕಾರಲ್ಲಿ ಇಟ್ಟು ಬನ್ನಿ. ಕೋಟಿನ ಗುಂಡಿ ಬಿಚ್ಚಿ ಬನ್ನಿ." ಹೇಳುವಾಗ ನನಗೆ ನಾಚಿಕೆಯಾಯಿತು. ಅಮ್ಮನಿಗೆ ಪ್ರಾರ್ಥನೆ ಹೇಳಲು ಬಂದವನಿಗೆ ಹೇಳುವ ಮಾತೇ ಅದು?

ಅವನು ಜೇಬಿನಿಂದ ಕೈ ತೆಗೆದ. ಕೈಯಲ್ಲಿ ಮಡಿಸಿದ ಪುಟ್ಟ ಟೋಪಿ ಇತ್ತು, ಅವರ ಗಂಡಸರು ಪ್ರಾರ್ಥನೆಗೆ ಹಾಕುವಂಥದ್ದು. ಅಂಥದ್ದು ಯಾರಿಗೆ ಬೇಕಾದರೂ ಸಿಗುತ್ತದೆ ಎಂದು ನನಗೆ ಆ ಕ್ಷಣದಲ್ಲೂ ಹೊಳೆಯಿತು. ಅವನು ತಿರುಗಿ ಕಾರಿನವರೆಗೆ ಹೋದ. ಹಿಮದಲ್ಲಿ ಅವನ ಹೆಜ್ಜೆ ಎಣಿಸಿದೆ, ನಲವತ್ತೊಂದು. ಕಾರಿನ ಬಾಗಿಲು ತೆರೆದು ಬಗ್ಗಿದ. ಬಗ್ಗಿ ಏನು ಮಾಡಿದ ಎಂದು ಪರದೆಯಲ್ಲಿ ಕಾಣಲಿಲ್ಲ. ವಾಪಸ್ ಬಂದು ಗಾಜಿನ ಮುಂದೆ, ಕೋಟು ತೆರೆದುಕೊಂಡು, ಎರಡೂ ಅಂಗೈ ನನ್ನ ಕಡೆ ಮಾಡಿ ನಿಂತ. ಕಣ್ಣುರೆಪ್ಪೆಯ ಮೇಲೆ ಹಿಮ ಕೂತಿತ್ತು. ನಡುಗುತ್ತಿದ್ದ. ಚಳಿಗೋ, ನನಗೆ ಹೆದರಿಯೋ, ಹೇಳಲಾರೆ.

ಸ್ಟಾನ್ಲಿ ಕಲಿಸಿದ್ದ ಮೂರು ಪ್ರಶ್ನೆಗಳೂ ಮುಗಿದಿದ್ದವು. ಇನ್ನು ಕೇಳಲು ಏನೂ ಉಳಿದಿರಲಿಲ್ಲ. ನಾನು ಎಸ್ತರ್ ಮತ್ತು ಸ್ಟಾನ್ಲಿಗೆ ಒಳಗೆ ಹೋಗಿ, ನಡುವಿನ ಬಾಗಿಲು ಹಾಕಿಕೊಳ್ಳಿ ಎಂದೆ. ಅವರು ಹೋದರು. ಚಿಲಕದ ಸದ್ದು ಕೇಳಿದ ಮೇಲೆ ಮೊದಲನೆಯ ಗುಂಡಿ ಒತ್ತಿದೆ.

ಅವನು ಒಳಗೆ ಬಂದ. ಒದ್ದೆ ಉಣ್ಣೆಯ ವಾಸನೆ ಬಂತು. ಟೋಪಿಯನ್ನು ಬಿಡಿಸಿ ತಲೆಯ ಮೇಲಿಟ್ಟುಕೊಂಡ. "ಥ್ಯಾಂಕ್ಸ್. ಎಷ್ಟು ಜನ ಆಗಿದಾರೆ?" ಎಂದು ಕೇಳಿದ.

"ನಿಮಗೇ ಕಾಯ್ತಿದಾರೆ" ಎಂದೆ. ನಡುವಿನ ಬಾಗಿಲು ತಟ್ಟಿ, ತೆಗೆಯಿರಿ ಎಂದೆ.

ಸಾಲು ಮತ್ತೆ ಮೊದಲಿನಿಂದ ಶುರುವಾಯಿತು. ಒಂಬತ್ತನೆಯ ಪದವಾಯಿತು. ಹತ್ತನೆಯದೂ ಆಯಿತು. ಆಮೇಲೆ ಸ್ವಲ್ಪ ಹೊತ್ತಿಗೆ ಎಸ್ತರ್ ದನಿ, ಅದರ ಪಕ್ಕದಲ್ಲಿ ಗುರುತಿಲ್ಲದ ಒಂದು ಗಂಡು ದನಿ, ಇಬ್ಬರೂ ಒಟ್ಟಿಗೆ, ಇಬ್ಬರಿಗೂ ಒಂದೇ ಆಮೆನ್. ನಾನು ಅದನ್ನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ದೂರದ ಮೂಲೆಯಲ್ಲಿ ಹಿಮ ಮುಚ್ಚುತ್ತಿದ್ದ ಆ ಕಾರನ್ನು, ಅದರೊಳಗಿನ ಚೀಲವನ್ನು ನೆನೆಯುತ್ತ, ಪರದೆ ನೋಡುತ್ತಲೇ ಕೂತಿದ್ದೆ.

ಅವನು ಹೇಳಿದ್ದೆಲ್ಲ ನಿಜವಾಗಿತ್ತು. ಎಲ್ಲರಿಗೂ ಕೈಕೊಟ್ಟು, ಎಸ್ತರ್ ಜೊತೆ ಅವನಮ್ಮನ ಬಗ್ಗೆ ಎರಡು ಮಾತಾಡಿ, ಮೋಟೆಲಿಗೆ ಹೊರಟುಹೋದ. ಎಸ್ತರ್ ನನ್ನ ಕುರ್ಚಿಯ ಪಕ್ಕ ಬಂದು, ನನ್ನ ಭುಜದ ಮೇಲೆ ಕೈ ಇಟ್ಟರು. ನೀನು ಸರಿಯಾದದ್ದನ್ನೇ ಮಾಡಿದೆ ಎಂದು ಆಮೇಲೆ ಬಹಳ ಜನ ಹೇಳಿದ್ದಾರೆ. ಎಸ್ತರ್ ಮಾತ್ರ ಒಮ್ಮೆಯೂ ಹಾಗೆ ಹೇಳಲಿಲ್ಲ. ಒಳಗೆ ಹೋಗುವ ತನಕ ಅವರು ನನ್ನ ಪಕ್ಕದಲ್ಲೇ ನಿಂತಿದ್ದರಲ್ಲ. ಗುಂಡಿ ಒತ್ತುವಾಗ ನನಗೆ ಏನೂ ಗೊತ್ತಿರಲಿಲ್ಲ ಎಂದು ಅವರಿಗೆ ಗೊತ್ತು.